ಅಪ್ಪ ಕೇಳಿದ ಪ್ರಶ್ನೆ

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೊರಟಿದ್ದ ಕ್ರೂಸ್ ಹಡಗಿಗೆ ನನ್ನ ಅಪ್ಪ-ಅಮ್ಮನನ್ನು ಹತ್ತಿಸಿಕೊಳ್ಳಲಿಲ್ಲ. ಅವರ ಪಾಸ್‌ಪೋರ್ಟಿನಲ್ಲಿ ಕೆನಡಾದ ವೀಸಾ ಇರಲಿಲ್ಲ. ಅದು ಬೇಕೆಂದು ತಿಳಿದುಕೊಂಡಿರಬೇಕಾದವಳು ನಾನು, ತಿಳಿದುಕೊಂಡಿರಲಿಲ್ಲ. ಊರಿನಿಂದ ಬಂದ ತಂದೆತಾಯಿಯನ್ನು ಈ ಪ್ರವಾಸಕ್ಕೆ ಕರೆದೊಯ್ಯುವ ಕನ್ನಡದವರು ಇಲ್ಲಿ, ಅಮೆರಿಕದಲ್ಲಿ, ಈಗ ಬಹಳ ಜನ ಇದ್ದಾರೆ. ಬೇಸಿಗೆ ಹತ್ತಿರ ಬಂದರೆ ಯಾರಾದರೊಬ್ಬರು ಫೋನ್ ಮಾಡಿ, ಏನೇನು ತಗೊಂಡು ಹೋಗಬೇಕು, ಎಷ್ಟು ಸ್ವೆಟರ್ ಬೇಕು ಎಂದು ಕೇಳುತ್ತಾರೆ. ನಾನು ಸ್ವೆಟರಿನ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಅಪ್ಪ ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹಿಮನದಿ ಹೇಗೆ ಬೆಟ್ಟವನ್ನು ಕೊರೆಯುತ್ತದೆ, ಕಣಿವೆಯನ್ನು ಹೇಗೆ ಅಗಲ ಮಾಡುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವರು. ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ನೋಡಿಸಬೇಕು ಅನ್ನುವುದು ನನ್ನ ಬಹುಕಾಲದ ಆಸೆ. ಅಮ್ಮನಿಗೆ ಮಂಡಿನೋವು, ಹೆಚ್ಚು ನಡೆಯಲಾರಳು. ಹಡಗಾದರೆ ಒಂದೇ ಕೋಣೆ, ಒಂದೇ ಹಾಸಿಗೆ, ಊರೂರಿಗೆ ಪೆಟ್ಟಿಗೆ ಹೊರುವ ಕೆಲಸವಿಲ್ಲ. ಕೂತಲ್ಲಿಗೇ ಬೆಟ್ಟಗಳು ಬರುತ್ತವೆ. ವಯಸ್ಸಾದವರಿಗೆ ಇದಕ್ಕಿಂತ ಸುಖದ ಪ್ರಯಾಣ ಇನ್ನೊಂದಿಲ್ಲ ಎಂದು ಅಂದುಕೊಂಡಿದ್ದೆ. ಇವತ್ತಿಗೂ ಹಾಗೇ ಅಂದುಕೊಂಡಿದ್ದೇನೆ.

ಟಿಕೆಟ್ ಆದ ಮೇಲೆ ಹಡಗು ನಿಲ್ಲುವ ಊರುಗಳ ಪಟ್ಟಿಯನ್ನು ಅಪ್ಪನಿಗೆ ಕಳಿಸಿದೆ. ಅವರು ಅಟ್ಲಾಸ್ ತೆಗೆದು ಜೂನೋ, ಸ್ಕಾಗ್‌ವೇ, ಕೆಚಿಕನ್ ಎಲ್ಲವನ್ನೂ ಗುರುತು ಮಾಡಿಕೊಂಡರು. ಆಮೇಲೆ ಒಂದು ರಾತ್ರಿ ಫೋನಿನಲ್ಲಿ ಕೇಳಿದರು: "ಅಲ್ಲ ಕಣೇ, ಕೊನೇಲಿ ವಿಕ್ಟೋರಿಯಾ ಅಂತ ಉಂಟಲ್ಲ, ಅದು ಕೆನಡಾದಲ್ಲಿ ಅಲ್ವಾ? ನಮಗೆ ಅಲ್ಲಿಗೆ ಬೇರೆ ವೀಸಾ ಬೇಡ್ವಾ?"

"ಅಲ್ಲಿ ನಾವು ಇಳಿಯೋದೇ ಇಲ್ಲಪ್ಪ. ಹಡಗು ಇಲ್ಲಿಂದ ಹೊರಟು ಇಲ್ಲಿಗೇ ವಾಪಸ್ ಬರತ್ತೆ. ನೀವು ತಲೆ ಕೆಡಿಸ್ಕೋಬೇಡಿ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಮಗಳು ಅಮೆರಿಕದಲ್ಲಿ ಇರುವವಳು, ಅವಳಿಗೆ ಗೊತ್ತಿರುತ್ತದೆ ಎಂದು ನಂಬಿದರು. ನನಗೂ ನನ್ನ ಗಂಡನಿಗೂ ಕೆಲಸದ ಮೇಲೆ ವ್ಯಾಂಕೂವರಿಗೆ ಹೋಗಿಬರಲು ಮಾಡಿಸಿದ್ದ ಕೆನಡಾ ವೀಸಾ ಪಾಸ್‌ಪೋರ್ಟಿನಲ್ಲೇ ಇತ್ತು. ಮಕ್ಕಳು ಇಲ್ಲೇ ಹುಟ್ಟಿದವರು, ಅವರಿಗೆ ಅದು ಬೇಡ. ಮನೆಯಲ್ಲಿ ಯಾರಿಗೂ ಅಡ್ಡಿಯಾಗದ ವಿಷಯ ಅಪ್ಪ-ಅಮ್ಮನಿಗೆ ಅಡ್ಡಿಯಾಗಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಆನ್‌ಲೈನ್ ಚೆಕ್-ಇನ್ ಮಾಡುವಾಗ 'ಬೇಕಾದ ಎಲ್ಲ ಪ್ರಯಾಣ ದಾಖಲೆಗಳು ನಮ್ಮಲ್ಲಿವೆ' ಎಂಬ ಚೌಕವೊಂದು ಬಂತು. ಓದದೆಯೇ ಗುರುತು ಹಾಕಿದೆ.

ವಿಷಯ ಹೀಗಿದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ನಡುವೆ ಪರದೇಶದ ಒಂದು ಬಂದರನ್ನೂ ಮುಟ್ಟದೆ, ಅಮೆರಿಕದ ಬಂದರುಗಳನ್ನೇ ಸುತ್ತಿಸಿ ತಂದು ಇಳಿಸುವ ಹಾಗಿಲ್ಲ. 1886ರ ಕಾನೂನು ಅದು, ಇಂದಿಗೂ ಜಾರಿಯಲ್ಲಿದೆ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗು ಕೆನಡಾದ ನೆಲವನ್ನು ಮುಟ್ಟಲೇಬೇಕು. ಬಹಳ ಸಲ ಆ ಊರು ವಿಕ್ಟೋರಿಯಾ. ಕೆಲವೇ ಗಂಟೆಗಳ ನಿಲುಗಡೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಕೆನಡಾ ತನ್ನ ಬಂದರುಗಳನ್ನು ಕ್ರೂಸ್‌ಗಳಿಗೆ ಮುಚ್ಚಿದಾಗ, ಅಲಾಸ್ಕಾ ಪ್ರವಾಸ ನಡೆಸಲು ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಗೆ ಬೇರೆ ಕಾನೂನನ್ನೇ ಮಾಡಬೇಕಾಯಿತು. ಅಷ್ಟು ಗಟ್ಟಿಯಾದ ನಿಯಮ. ನೀವು ಇಳಿಯಿರಿ, ಬಿಡಿ, ಕೋಣೆಯಲ್ಲೇ ಮಲಗಿರಿ, ಹಡಗು ಕೆನಡಾಕ್ಕೆ ಹೋಗುತ್ತದೆ ಎಂದಮೇಲೆ ಭಾರತದ ಪಾಸ್‌ಪೋರ್ಟಿನವರಿಗೆ ಆ ದೇಶದ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಅವರು ಕಾರ್ಡನ್ನೂ ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಂಡರೆ ಸಾಕು. ವಿಸಿಟರ್ ವೀಸಾದ ಮೇಲೆ ಬಂದ ತಂದೆತಾಯಿಗೆ, ಎಚ್-1ಬಿ ಮೇಲೆ ಇರುವವರಿಗೆ ಬೇಕೇ ಬೇಕು.

ಬಂದರಿನ ಕೌಂಟರಿನಲ್ಲಿದ್ದ ಹೆಂಗಸು ಅಪ್ಪನ ಪಾಸ್‌ಪೋರ್ಟಿನ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು, ಮತ್ತೆ ಕೊನೆಯಿಂದ ಮೊದಲಿಗೆ ತಿರುವಿದಳು. ಆಮೇಲೆ ಮೇಲಧಿಕಾರಿಯನ್ನು ಕರೆದಳು. ಇಬ್ಬರೂ ಸೌಜನ್ಯದಿಂದಲೇ ಮಾತಾಡಿದರು. ನಾವು ಇಳಿಯುವುದಿಲ್ಲ, ಬರೆದುಕೊಡುತ್ತೇವೆ ಎಂದೆಲ್ಲ ಹೇಳಿದೆ. ಅದು ಅವರ ಕೈಯಲ್ಲಿ ಇರಲಿಲ್ಲ. ಹಡಗು ಬಿಡುವ ಮೊದಲೇ ಪ್ರಯಾಣಿಕರ ಪಟ್ಟಿ ಗಡಿ ಇಲಾಖೆಗೆ ಹೋಗಬೇಕು, ಆ ಪಟ್ಟಿಯಲ್ಲಿ ದಾಖಲೆಯಿಲ್ಲದ ಹೆಸರು ಸೇರುವ ಹಾಗಿಲ್ಲ. ಅಪ್ಪ ಇಂಗ್ಲಿಷ್ ಬಲ್ಲವರು. ಎಲ್ಲ ಅರ್ಥವಾಗಿತ್ತು. "ನೀವು ಮಕ್ಕಳನ್ನ ಕರ್ಕೊಂಡು ಹೋಗಿ, ನಾವಿಬ್ರೂ ಮನೇಲಿ ಇರ್ತೀವಿ" ಎಂದರು. ನಾವು ಹೋಗಲಿಲ್ಲ. ಎಲ್ಲರೂ ಹಿಂದೆ ಬಂದೆವು.

ಹಿಂದೆ ಬರುವುದೂ ಸುಲಭವಾಗಲಿಲ್ಲ. ಕಾರಿನಿಂದ ಇಳಿಯುತ್ತಿದ್ದ ಹಾಗೇ ಕೂಲಿಗಳು ಚೀಟಿ ಕಟ್ಟಿದ ಸೂಟ್‌ಕೇಸುಗಳನ್ನು ತೆಗೆದುಕೊಂಡು ಹೋಗಿಯಾಗಿತ್ತು. ಕ್ರೂಸ್‌ನಲ್ಲಿ ಕ್ರಮವೇ ಹಾಗೆ: ದೊಡ್ಡ ಲಗೇಜನ್ನು ಬಾಗಿಲಲ್ಲೇ ಕೊಡುತ್ತೀರಿ, ಅದು ಎಕ್ಸ್‌ರೇ ದಾಟಿ ಸಂಜೆಯ ಹೊತ್ತಿಗೆ ನಿಮ್ಮ ಕ್ಯಾಬಿನ್ನಿನ ಮುಂದೆ ಬರುತ್ತದೆ. ನಮ್ಮ ಪೆಟ್ಟಿಗೆಗಳನ್ನು ಸಾವಿರಾರು ಪೆಟ್ಟಿಗೆಗಳ ನಡುವಿನಿಂದ ಹುಡುಕಿ ತರುವ ತನಕ ಬೆಂಚಿನ ಮೇಲೆ ಕೂತೆವು. ಅಪ್ಪ ಮಧ್ಯಾಹ್ನ ಊಟದ ಜೊತೆ ನುಂಗಬೇಕಾದ ಶುಗರ್ ಮಾತ್ರೆ ಆ ಪೆಟ್ಟಿಗೆಯೊಳಗೆ ಇತ್ತು. ಮಾತ್ರೆ ಸಿಗದೆ ಊಟ ಬೇಡ ಎಂದು ಕೂತೇ ಇದ್ದರು. ಅವರ ಮುಖ ಬಾಡಿದ್ದನ್ನು ನೋಡುತ್ತ ಕೂತ ಆ ಹೊತ್ತು ನನಗೆ ಕೌಂಟರಿನ ಮಾತಿಗಿಂತ ಕಷ್ಟವಾಯಿತು. ವೀಸಾ ಇದ್ದು ಹಡಗು ಹತ್ತಿದ್ದರೂ ಮಾತ್ರೆ ಸಿಗುತ್ತಿದ್ದುದು ಸಂಜೆಗೇ. ಕಾಗದಪತ್ರದಲ್ಲಿ ಮಾತ್ರವಲ್ಲ, ಪೆಟ್ಟಿಗೆ ತುಂಬುವುದರಲ್ಲೂ ನಾನು ಅವರನ್ನು ಕೇಳಿರಲಿಲ್ಲ. ಎಲ್ಲ ನಾನೇ ತುಂಬಿದ್ದೆ.

ದುಡ್ಡು ಹೋಯಿತು. ದಾಖಲೆ ಪ್ರಯಾಣಿಕರ ಜವಾಬ್ದಾರಿ ಎಂದು ಟಿಕೆಟಿನ ಕರಾರಿನಲ್ಲಿ ಇರುತ್ತದೆ, ಪ್ರವಾಸದ ವಿಮೆಯೂ ಸಾಮಾನ್ಯವಾಗಿ ಇದಕ್ಕೆ ಬರುವುದಿಲ್ಲ.

ಆ ವಾರ ಅವರನ್ನು ಸಿಯಾಟಲ್‌ನ ಪಯೋನಿಯರ್ ಸ್ಕ್ವೇರಿನಲ್ಲಿರುವ ಕ್ಲಾಂಡೈಕ್ ಚಿನ್ನದ ಬೇಟೆಯ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. 1897ರ ಜುಲೈನಲ್ಲಿ ಉತ್ತರದಿಂದ ಚಿನ್ನ ಹೊತ್ತ ಹಡಗೊಂದು ಈ ಊರಿಗೆ ಬಂತು. ಸುದ್ದಿ ಹರಡಿ ಸಾವಿರಾರು ಜನ ಇಲ್ಲಿಂದಲೇ ಅಲಾಸ್ಕಾದ ಸ್ಕಾಗ್‌ವೇಗೆ ಹಡಗು ಹತ್ತಿದರು. ಅಲ್ಲಿಂದ ಕಣಿವೆ ದಾಟಿ ಕೆನಡಾದ ಯೂಕಾನ್‌ಗೆ ಹೋಗಬೇಕು. ಕಣಿವೆಯ ನೆತ್ತಿಯಲ್ಲಿ ಕೆನಡಾದ ಪೊಲೀಸರು ನಿಂತಿದ್ದರು. ಒಂದು ವರ್ಷಕ್ಕೆ ಸಾಕಾಗುವ ಸಾಮಾನು, ತೂಕದಲ್ಲಿ ಸುಮಾರು ಒಂದು ಟನ್, ಜೊತೆಗೆ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಆ ಸಾಮಾನನ್ನು ಮಾರಿಯೇ ಸಿಯಾಟಲ್‌ನ ಅಂಗಡಿಯವರು ಬೆಳೆದರು. ಅಪ್ಪ ಹಿಟ್ಟು, ಬೀನ್ಸ್, ಸಕ್ಕರೆ, ಗರಗಸ, ಮೊಳೆಗಳ ಆ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. "ಕ್ರೂರ ಅಲ್ಲ ಇದು" ಎಂದರು. "ಬರಿಗೈಲಿ ಒಳಗೆ ಬಿಟ್ಟಿದ್ರೆ ಚಳಿಗಾಲದಲ್ಲಿ ಉಪವಾಸ ಸಾಯ್ತಿದ್ರು." ಆಮೇಲೆ ನನ್ನ ಭುಜ ಮುಟ್ಟಿ, "ಹೋಗ್ಲಿ ಬಿಡು ಮಾರಾಯ್ತಿ, ಬರೋ ವರ್ಷ ಬರ್ತೀವಿ" ಎಂದರು. ನಾನು ತಳ್ಳಿಹಾಕಿದ್ದ ಆ ಪ್ರಶ್ನೆಯನ್ನು ಅವರು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಮುಂದಿನ ವರ್ಷದ ತಯಾರಿ ಅಪ್ಪ-ಅಮ್ಮ ಊರಿನಲ್ಲಿರುವಾಗಲೇ ಶುರುವಾಯಿತು. ಕೆನಡಾ ವೀಸಾಕ್ಕೆ ಭಾರತದಿಂದಲೇ ಅರ್ಜಿ ಹಾಕಿಸಿದೆ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಿಬಂದರು. ಇದಕ್ಕೆ ವಾರಗಳು ಹಿಡಿಯುತ್ತವೆ, ತಿಂಗಳುಗಳೂ ಆಗಬಹುದು. ಆದ್ದರಿಂದ ವೀಸಾ ಕೈಗೆ ಬಂದ ಮೇಲೆಯೇ ಹಡಗಿಗೆ ದುಡ್ಡು ಕಟ್ಟುವುದು ಒಳ್ಳೆಯದು. ಕೆನಡಾ ಮುಟ್ಟಿ ಮತ್ತೆ ಅಮೆರಿಕದೊಳಗೆ ಬರುವುದರಿಂದ ಅಮೆರಿಕದ ವೀಸಾ ಹಲವು ಸಲದ ಪ್ರವೇಶಕ್ಕೆ ಕೊಟ್ಟದ್ದೇ, ಅವಧಿ ಉಳಿದಿದೆಯೇ ಎಂದೂ ನೋಡಿಕೊಳ್ಳಬೇಕು. ಈ ಸಲ ನಾನು ಒಂದೊಂದು ಊರಿನ ಹೆಸರನ್ನೂ ಫೋನಿನಲ್ಲಿ ಓದಿದೆ, ಅಪ್ಪ ಅಟ್ಲಾಸ್ ಇಟ್ಟುಕೊಂಡು ಅದು ಯಾವ ದೇಶ ಎಂದು ಹೇಳಿದರು, ಆ ದೇಶಕ್ಕೆ ಏನು ಬೇಕು ಎಂದು ಇಬ್ಬರೂ ಬರೆದುಕೊಂಡೆವು. ಮೊದಲ ಸಲವೇ ಮಾಡಬೇಕಾಗಿದ್ದ ಕೆಲಸ.

ಔಷಧಿಯದು ಎರಡನೆಯ ಮುಖ್ಯ ವಿಷಯ. ಪ್ರವಾಸದ ದಿನಗಳಿಗೆ ಬೇಕಾದಷ್ಟು, ಮೇಲೆ ಇನ್ನೊಂದು ವಾರಕ್ಕಾಗುವಷ್ಟು ಮಾತ್ರೆ ಕೈಚೀಲದಲ್ಲೇ ಇರಬೇಕು. ಊರಿನ ಡಾಕ್ಟರ ಚೀಟಿಯಲ್ಲಿ ಟೆಲ್ಮಾ, ಗ್ಲೈಕೋಮೆಟ್ ಎಂದು ಕಂಪನಿ ಇಟ್ಟ ಹೆಸರಿರುತ್ತದೆ. ಹಡಗಿನ ಡಾಕ್ಟರಿಗೆ ಅದು ಅರ್ಥವಾಗುವುದಿಲ್ಲ. ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ಮದ್ದಿನ ಮೂಲ ಹೆಸರು, ಪ್ರಮಾಣ, ಹೊತ್ತು ಮೂರನ್ನೂ ಒಂದು ಹಾಳೆಯಲ್ಲಿ ಬರೆಸಿ ತರಬೇಕು. ನಮ್ಮ ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಈ ಹಾಳೆಯ ಒಂದು ಪ್ರತಿ ಅಪ್ಪನ ಜೇಬಿನಲ್ಲಿ, ಒಂದು ನನ್ನ ಹತ್ತಿರ, ಫೋಟೊ ಎಲ್ಲರ ಫೋನಿನಲ್ಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೊಂದು ಗಮನಿಸಬೇಕು: ಕ್ಯಾಬಿನ್ನಿನ ಪುಟ್ಟ ಫ್ರಿಜ್ ಎಷ್ಟೋ ಹಡಗುಗಳಲ್ಲಿ ತಂಪು ಮಾಡುವಷ್ಟೇ, ಮದ್ದಿಗೆ ಬೇಕಾದ ಶೀತ ಅದರಲ್ಲಿ ಇರುವುದಿಲ್ಲ. ಮೊದಲೇ ಬರೆದು ಕೇಳಿದರೆ ಔಷಧಿಗೆಂದೇ ಬೇರೆ ಫ್ರಿಜ್, ಸೂಜಿ ಹಾಕುವ ಡಬ್ಬಿ ಕೊಡುತ್ತಾರೆ. ಹಡಗಿನ ಆಸ್ಪತ್ರೆಯಲ್ಲಿ ಖರ್ಚು ಬಹಳ. ನಡುಕಡಲಿನಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದರೆ ಕೇಳುವುದೇ ಬೇಡ. ತಂದೆತಾಯಿಗೆ ಮಾಡಿಸಿದ ವಿಸಿಟರ್ ವಿಮೆ ಹಡಗಿನಲ್ಲೂ ಕೆನಡಾದಲ್ಲೂ ನಡೆಯುತ್ತದೆಯೇ, ಮೊದಲಿನಿಂದ ಇರುವ ಕಾಯಿಲೆಗೆ ಬರುತ್ತದೆಯೇ ಎಂದು ಓದಿಯೇ ಕೊಳ್ಳಬೇಕು.

ಕೈಚೀಲದಲ್ಲಿ ಮತ್ತೇನು? ಪಾಸ್‌ಪೋರ್ಟು, ಕನ್ನಡಕ, ಅಪ್ಪನ ಹಿಯರಿಂಗ್ ಏಡ್ ಮತ್ತು ಅದರ ಚಾರ್ಜರ್, ಒಂದು ಜೊತೆ ಬಟ್ಟೆ, ಒಂದು ಶಾಲು. ಪೆಟ್ಟಿಗೆ ರಾತ್ರಿವರೆಗೆ ಬಾರದಿದ್ದರೂ ನಡೆಯುವ ಹಾಗೆ.

ಎರಡನೆಯ ಸಲ ಹಡಗು ಹತ್ತಿದ ದಿನ ಒಂದು ಪೆಟ್ಟಿಗೆ ರಾತ್ರಿಯಾದರೂ ಬರಲಿಲ್ಲ. ಅಮ್ಮನದು. ಕೆಳಗಿನ ಡೆಕ್ಕಿನ ಸೆಕ್ಯುರಿಟಿಯವರು ನಮ್ಮನ್ನು ಕರೆಸಿ ಅದನ್ನು ತೆರೆಸಿದರು. ಸೀರೆಗಳ ನಡುವೆ ಟವೆಲ್ಲಿನಲ್ಲಿ ಸುತ್ತಿದ ಎಲೆಕ್ಟ್ರಿಕ್ ಕೆಟಲ್ ಇತ್ತು. ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ಕಾಯಿಲ್, ಮೋಂಬತ್ತಿ ಯಾವುದನ್ನೂ ಹಡಗಿಗೆ ತರುವಂತಿಲ್ಲ ಎಂದು ನನಗೆ ಗೊತ್ತಿತ್ತು, ಅಮ್ಮನಿಗೂ 'ಕೆಟಲ್ ಬೇಡ' ಎಂದು ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಭಾರವಾಗುತ್ತದೆ ಅಂತ ಮಗಳು ಹೇಳುತ್ತಿದ್ದಾಳೆ ಎಂದು ಅವಳು ತಿಳಿದಳು. ಬೆಳಗಿನ ಜಾವಕ್ಕೆ ಎದ್ದರೆ ಬಿಸಿನೀರು ಕುಡಿಯದೆ ಅವಳಿಗೆ ಆಗುವುದಿಲ್ಲ, ಮಗಳನ್ನು ಎಬ್ಬಿಸುವುದು ಬೇಡ ಎಂದು ತಾನೇ ತಂದಿದ್ದಳು. ಅಷ್ಟು ಜನರ ಮುಂದೆ ಅವಳ ಸೀರೆಗಳನ್ನು ಹೊರಗೆ ತೆಗೆಯಬೇಕಾಯಿತು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅದಕ್ಕೂ ನಾನೇ ಕಾರಣ.

ಕಾರಣ ಹೇಳಿದ್ದರೆ ಅವಳು ಖಂಡಿತ ತರುತ್ತಿರಲಿಲ್ಲ. ನಡುಕಡಲಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ, ಓಡಿಹೋಗಲು ಜಾಗವಿಲ್ಲ. 2006ರ ಮಾರ್ಚಿನಲ್ಲಿ ಜಮೈಕಾದ ಹತ್ತಿರ 'ಸ್ಟಾರ್ ಪ್ರಿನ್ಸೆಸ್' ಎಂಬ ಹಡಗಿನ ಬಾಲ್ಕನಿಗಳಿಗೆ ಬೆಂಕಿ ಹತ್ತಿತು. ಸರಿಯಾಗಿ ಆರದ ಸಿಗರೇಟಿನ ತುಂಡಿನಿಂದ ಹುಟ್ಟಿರಬೇಕು ಎಂದು ತನಿಖೆ ಹೇಳಿತು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬಾಕ್ಸನ್ನೂ ಇದೇ ಭಯಕ್ಕೆ ಬಿಡುವುದಿಲ್ಲ. ಹಡಗಿನ ವಿದ್ಯುತ್ ವ್ಯವಸ್ಥೆ ಮನೆಯದರಂತೆ ನೆಲಕ್ಕೆ ಜೋಡಿಸಿದ್ದಲ್ಲ, ಅದರಲ್ಲಿ ಇಂಥ ಪೆಟ್ಟಿಗೆ ಕಾದು ಹೊತ್ತಿಕೊಳ್ಳಬಹುದು. ಮತ್ತೆ ನಮ್ಮೂರಿನ ಕೆಟಲ್ 230 ವೋಲ್ಟಿನದು, ಅಮೆರಿಕದ ಕಡೆಯ ಹಡಗಿನ ಗೋಡೆಯಲ್ಲಿ ಹೆಚ್ಚಾಗಿ ಬರುವುದು 110. ನೀರು ಬೇಗ ಕುದಿಯುವುದೂ ಇಲ್ಲ. ಬಿಸಿನೀರು ಊಟದ ಡೆಕ್ಕಿನಲ್ಲಿ ಹೊತ್ತಿನ ಮಿತಿಯಿಲ್ಲದೆ ಸಿಗುತ್ತದೆ. ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಒಂದಿದ್ದರೆ ರಾತ್ರಿ ತುಂಬಿ ತಂದಿಟ್ಟುಕೊಳ್ಳಬಹುದು, ಬೆಳಗಿನ ಜಾವಕ್ಕೂ ಸುಡುಸುಡು ಇರುತ್ತದೆ. ನಾನು ಪ್ರತಿ ರಾತ್ರಿ ಅಮ್ಮನಿಗೆ ತಂದಿಟ್ಟೆ. ಇಸ್ತ್ರಿ ಇಲ್ಲದ್ದರಿಂದ ಗಂಜಿ ಹಾಕಿದ ಕಾಟನ್ ಸೀರೆ ಬೇಡ. ಮಡಿಸಿಟ್ಟರೂ ಮುದುಡದ ಸೀರೆ ಸಾಕು. ಒಂದು ರೇಷ್ಮೆ ಸೀರೆ ಇರಲಿ. ಹಡಗಿನ ದೊಡ್ಡ ಊಟದ ರಾತ್ರಿ ಬಹಳ ಜನ ಸೂಟು-ಗೌನು ಹಾಕಿಕೊಂಡು ಬರುತ್ತಾರೆ. ಅಮ್ಮ ಮೈಸೂರು ಸಿಲ್ಕ್ ಉಟ್ಟು ಬಂದಾಗ ಪಕ್ಕದ ಮೇಜಿನವರು ಎದ್ದುಬಂದು ಸೆರಗು ಮುಟ್ಟಿ ನೋಡಿದರು.

ಬಟ್ಟೆಯ ವಿಷಯದಲ್ಲಿ ನಾನು ಕಲಿಸಬೇಕಾದ್ದೇ ಇರಲಿಲ್ಲ. ಕೆಚಿಕನ್‌ನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಮಳೆ ಅದರ ಸುಮಾರು ಎರಡರಷ್ಟು. ಗಾಳಿಮಳೆಗೆ ಕೊಡೆ ಹಿಡಿದು ಪ್ರಯೋಜನವಿಲ್ಲ, ತಲೆಯಿಂದ ಮುಚ್ಚುವ ರೇನ್‌ಕೋಟ್ ಬೇಕು, ಕಾಲು ಒದ್ದೆಯಾಗಬಾರದು ಎಂದು ಆಗುಂಬೆಯ ಪಕ್ಕದವರಿಗೆ ಹೇಳಿಕೊಡಬೇಕೇ? ಅಮ್ಮ ಸೀರೆಯ ಒಳಗೆ ಥರ್ಮಲ್ ಪೈಜಾಮ, ಉಣ್ಣೆಯ ಕಾಲುಚೀಲ, ನೀರು ಹಿಡಿಯದ ಶೂ ಹಾಕಿಕೊಂಡು ಡೆಕ್ಕಿನ ಮೇಲೆ ನನಗಿಂತ ಬೆಚ್ಚಗಿದ್ದಳು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಒಳ್ಳೆಯದು. ಕ್ಯಾಬಿನ್ನಿನ ಗೋಡೆಗಳು ಉಕ್ಕಿನವು. ಆಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ರೇನ್‌ಕೋಟುಗಳನ್ನು ತೂಗುಹಾಕಬಹುದು. ಆ ಪುಟ್ಟ ಕೋಣೆಯಲ್ಲಿ ಇದಕ್ಕಿಂತ ಉಪಕಾರದ ವಸ್ತು ಇಲ್ಲ.

ಸಿಯಾಟಲ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿನ ತೆರೆದ ಕಡಲಿನಲ್ಲಿ ಹೋಗುತ್ತವೆ, ಅಲ್ಲಿ ಅಲೆ ಜೋರು. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೋಣೆ ತೆಗೆದುಕೊಳ್ಳಬೇಕು. ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ, ತೊಳಸುವ ಮೊದಲೇ ನುಂಗಬೇಕು. ಶುರುವಾದ ಮೇಲೆ ಅದು ಅಷ್ಟು ಹಿಡಿಯುವುದಿಲ್ಲ. ಅಮ್ಮ ಒಣಶುಂಠಿ ಚೂರನ್ನು ದವಡೆಯಲ್ಲಿಟ್ಟುಕೊಂಡು ಕಡಲಂಚನ್ನೇ ನೋಡುತ್ತ ಕೂತಳು. ಸಸ್ಯಾಹಾರಕ್ಕೆ ಮೊದಲ ರಾತ್ರಿಯೇ ಊಟದ ಮನೆಯ ಮುಖ್ಯಸ್ಥರಿಗೆ ಹೇಳಿದರೆ ಮರುದಿನದಿಂದ ಬೇಳೆ, ಪಲ್ಯ ಮಾಡಿಸಿಕೊಡುತ್ತಾರೆ. ಸೀಲ್ ಮಾಡಿದ ಚಟ್ನಿಪುಡಿ ಪೊಟ್ಟಣಕ್ಕೆ ಯಾರೂ ತಕರಾರು ಮಾಡಲಿಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಹೊರಡುವ ಮುಂಚಿನ ಸುರಕ್ಷಾ ತಾಲೀಮನ್ನು ಬಹಳ ಜನ ಬೇಸರದಿಂದ ಮುಗಿಸುತ್ತಾರೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕೋರ್ಡಿಯಾ' ಬಂಡೆಗೆ ಬಡಿದು ಮಗುಚಿದಾಗ 32 ಜನ ಸತ್ತರು. ಅದೇ ದಿನ ಹತ್ತಿದ ನೂರಾರು ಜನರಿಗೆ ತಾಲೀಮು ಇನ್ನೂ ಆಗಿರಲಿಲ್ಲ. ಕಿವಿ ಮಂದವಾದವರಿಗೆ, ಇಂಗ್ಲಿಷ್ ಬಾರದವರಿಗೆ ಇದನ್ನು ಅವರ ಮಾತಿನಲ್ಲಿ ಮತ್ತೊಮ್ಮೆ ಹೇಳಬೇಕು. ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿಗೆ ಬರಬೇಕು ಎಂದು ಅಮ್ಮನ ಕೈ ಹಿಡಿದು ಆ ಜಾಗಕ್ಕೆ ಎರಡೆರಡು ಸಲ ನಡೆಸಿಕೊಂಡು ಹೋದೆ. ಲಿಫ್ಟ್ ಬಳಸದೆ, ಮೆಟ್ಟಿಲಿನಲ್ಲಿ, ಮಂಡಿನೋವಿದ್ದರೂ.

ಅಲಾಸ್ಕಾದ ಹಿಮನದಿಗಳಿರುವ ಗ್ಲೇಸಿಯರ್ ಬೇ ಉದ್ಯಾನದೊಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಉದ್ಯಾನದ ರೇಂಜರುಗಳು ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿಯ ಬಾಯಿವರೆಗೂ ಮಂಜುಗಡ್ಡೆಯೇ ಇತ್ತು. ಇವತ್ತು ಹಡಗು ಒಳಗೆ ಗಂಟೆಗಟ್ಟಲೆ ಹೋದ ಮೇಲೆ ಹಿಮನದಿಯ ಮುಖ ಸಿಗುತ್ತದೆ. ಅಲ್ಲಿ ಚಳಿಗಾಳಿಯಲ್ಲಿ ಬಹಳ ಹೊತ್ತು ನಿಲ್ಲಬೇಕು. ಉಣ್ಣೆ ಟೋಪಿ, ಕೈಗವಸು, ಒಬ್ಬರಿಗೊಂದು ದುರ್ಬೀನು ಬೇಕು. ಅಪ್ಪ ಹಿಯರಿಂಗ್ ಏಡನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಟ್ಟಿದ್ದರು. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ ನನ್ನ ಮಕ್ಕಳನ್ನು ಎರಡೂ ಕಡೆ ನಿಲ್ಲಿಸಿಕೊಂಡು, ಮಂಜಿನ ಮೈಮೇಲಿನ ಕಪ್ಪು ಗೆರೆಗಳು ಬೆಟ್ಟದಿಂದ ಅರೆದು ತಂದ ಕಲ್ಲುಮಣ್ಣು ಎಂದು ಕನ್ನಡದಲ್ಲಿ ಪಾಠ ಮಾಡಿದರು. ರೇಂಜರ್ ಮಾತು ಮುಗಿಸಿದರೂ ಅವರದು ಮುಗಿಯಲಿಲ್ಲ.

ಇನ್ನು ಕೊನೆಯ ರಾತ್ರಿಯ ಮಾತು. ಮಲಗುವ ಮುಂಚೆ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಹೊರಗಿಡಬೇಕು, ಬೆಳಿಗ್ಗೆ ಅವು ಬಂದರಿನ ಶೆಡ್ಡಿನಲ್ಲಿ ಸಿಗುತ್ತವೆ. ಅವಸರದಲ್ಲಿ ನಾಳೆಯ ಬಟ್ಟೆ, ಚಪ್ಪಲಿ, ಹಲ್ಲಿನ ಸೆಟ್ಟು, ಬೆಳಗಿನ ಮಾತ್ರೆ ಎಲ್ಲವನ್ನೂ ತುಂಬಿ ಹೊರಗಿಟ್ಟವರಿದ್ದಾರೆ. ಅಪ್ಪ ಪಾಸ್‌ಪೋರ್ಟುಗಳನ್ನು ಪೆಟ್ಟಿಗೆಯ ಮೇಲಿನ ಖಾನೆಗೆ ಹಾಕುತ್ತಿದ್ದಾಗ ಅಮ್ಮ ತಡೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಹಣ್ಣು ತಂದು ಚೀಲದಲ್ಲಿ ಇಟ್ಟುಕೊಳ್ಳಬೇಡಿ, ಇಳಿಯುವಾಗ ಕಸ್ಟಮ್ಸ್‌ನವರು ತೆಗೆಸುತ್ತಾರೆ. ಇಳಿಯುವ ದಾರಿಯಲ್ಲಿ ಒಂದು ಮೇಜಿನ ಮೇಲೆ, ಹೆಸರಿನ ಚೀಟಿ ಅಂಟಿಸಿ, ಎಲ್ಲರಿಂದ ತೆಗೆದಿಟ್ಟುಕೊಂಡ ಇಸ್ತ್ರಿಪೆಟ್ಟಿಗೆ, ಕೆಟಲ್‌ಗಳನ್ನು ಜೋಡಿಸಿಟ್ಟಿರುತ್ತಾರೆ. ಅಮ್ಮನದನ್ನು ನಾನೇ ಸಹಿ ಮಾಡಿ ತೆಗೆದುಕೊಂಡೆ.